ಈಜು ಬರುವ ನಾಯಿಗೂ ಲೈಫ್ ಜಾಕೆಟ್ ಬೇಕಾ? ನಮ್ಮ ಗುಂಡ ಹಾಕಿ ನೋಡಿದ್ದು

ಐದಕ್ಕೆ ಮೂರೂವರೆ ಸ್ಟಾರ್. ಮೊದಲೇ ಹೇಳಿಬಿಡುತ್ತೇನೆ, ಕೊನೆ ತನಕ ಓದುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಅದರಲ್ಲಿ ಎರಡು ಸ್ಟಾರ್ ಬರೀ ಬೆನ್ನ ಮೇಲಿನ ಹಿಡಿಕೆಗೆ. ಉಳಿದ ಒಂದೂವರೆ ಫೋಮು, ಬಣ್ಣ, ಬಕಲ್ ಎಲ್ಲದಕ್ಕೂ ಸೇರಿ.

ಸಾಮಾನು: ನಾಯಿಗಳ ಲೈಫ್ ಜಾಕೆಟ್, ಕಿತ್ತಳೆ ಬಣ್ಣ, ಎಕ್ಸ್‌ಎಲ್ ಸೈಜು. ಆನ್‌ಲೈನಿನಲ್ಲಿ ತರಿಸಿದ್ದು, 1,650 ರೂಪಾಯಿ. ಕಂಪನಿ ಹೆಸರು ಹೇಳಿ ಪ್ರಯೋಜನ ಇಲ್ಲ. ಇದೇ ಜಾಕೆಟ್ಟು ನಾಲ್ಕೈದು ಹೆಸರಿನಲ್ಲಿ ಸಿಗುತ್ತದೆ. ಹೊಲಿಗೆ ಒಂದೇ, ಚೀಟಿ ಮಾತ್ರ ಬೇರೆ.

ಹಾಕಿಕೊಳ್ಳುವವನು ಗುಂಡ. ಚಾಕೊಲೇಟ್ ಬಣ್ಣದ ಲ್ಯಾಬ್ರಡಾರ್, ಒಂಬತ್ತು ತುಂಬಿದೆ, 36 ಕೆಜಿ. ಡಾಕ್ಟ್ರು 32ಕ್ಕೆ ಇಳಿಸಿ ಅನ್ನುತ್ತಾರೆ, ಗುಂಡ ಒಪ್ಪುತ್ತಿಲ್ಲ. ನಮ್ಮದು ಸಾಗರ ತಾಲ್ಲೂಕು. ಅಡಿಕೆ ತೋಟ, ತೋಟ ದಾಟಿ ಸ್ವಲ್ಪ ಇಳಿದರೆ ಶರಾವತಿ ಹಿನ್ನೀರು. ಗುಂಡನಿಗೆ ಮನೆ ಅಂದರೆ ಊಟ ಮಾಡುವ ಜಾಗ ಅಷ್ಟೇ, ವಾಸ ಎಲ್ಲ ನೀರಲ್ಲೇ.

ಪಾರ್ಸೆಲ್ ಬಿಚ್ಚುವಾಗ ಭಾವ ಜಗುಲಿಯಲ್ಲಿ ಕೂತು ಕವಳ ಹಾಕುತ್ತಿದ್ದರು. ಜಾಕೆಟ್ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಂತದೇ ಮಾರಾಯ್ತಿ ಇದು? ಮೀನಿಗೆ ಕೊಡೆ ಹಿಡಿದ ಹಾಂಗಾತು!"

ಅವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ಲ್ಯಾಬ್ರಡಾರ್ ಹುಟ್ಟಿದ್ದೇ ನೀರಿಗಾಗಿ. ಕಾಲ್ಬೆರಳುಗಳ ನಡುವೆ ಚರ್ಮ ಇರುತ್ತದೆ, ಬೆರಳು ಅಗಲ ಮಾಡಿ ನೋಡಿದರೆ ಕಾಣುತ್ತದೆ. ಬಾಲ ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ, ಈಜುವಾಗ ಅದೇ ಚುಕ್ಕಾಣಿ. ಕೂದಲು ಎರಡು ಪದರ. ಮೇಲಿನದು ಒರಟು, ಒಳಗಿನದು ಒತ್ತಾದ ಮೆತ್ತನೆ ತುಪ್ಪಳ. ಗುಂಡನ ಬೆನ್ನ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ, ಮೇಲಿಂದ ಮೇಲೆ ಜಾರಿ ಹೋಗುತ್ತದೆ. ಕೂದಲು ಬಿಡಿಸಿ ಒಳಗೆ ಬೆರಳು ಹಾಕಿದರೆ ಚರ್ಮ ಒಣಗಿಯೇ ಇರುತ್ತದೆ. ಮೈಯಲ್ಲಿರುವ ಎಣ್ಣೆಯ ಕೆಲಸ ಅದು. ಅದಕ್ಕೇ ಈ ಜಾತಿಗೆ ವಾರ ವಾರ ಶಾಂಪೂ ಹಾಕಬಾರದು, ಬೇಸಿಗೆ ಅಂತ ಬೋಳಿಸಲೂಬಾರದು.

ಇದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿಯ ಮಂಜುಗಡ್ಡೆಯಂಥ ಕಡಲಿನಲ್ಲಿ ಕಾಡ್ ಮೀನು ಹಿಡಿಯುವವರ ಜೊತೆ ಸೇಂಟ್ ಜಾನ್ಸ್ ವಾಟರ್ ಡಾಗ್ ಅನ್ನುವ ನಾಯಿ ಇರುತ್ತಿತ್ತು. ಗಾಳದಿಂದ ತಪ್ಪಿಸಿಕೊಂಡ ಮೀನು ಹಿಡಿದು ತರುವುದು, ಬಲೆಯ ಹಗ್ಗ ಕಚ್ಚಿ ದಡಕ್ಕೆ ತರುವುದು ಅದರ ಕೆಲಸ. ಮೀನಿನ ಹಡಗುಗಳ ಜೊತೆ ಈ ನಾಯಿಗಳು ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದವು. ಅಲ್ಲಿಯ ದೊಡ್ಡ ಜಮೀನುದಾರರು ಬಾತುಕೋಳಿ ಬೇಟೆಗೆ ಬೆಳೆಸಿದರು. ಗುಂಡು ಹೊಡೆದ ಹಕ್ಕಿ ಕೆರೆಯಲ್ಲಿ ಬಿದ್ದರೆ ಹೋಗಿ ತರಬೇಕು, ಹಲ್ಲು ತಾಗಿಸಬಾರದು. ಇಂಗ್ಲೆಂಡಿನ ಕೆನೆಲ್ ಕ್ಲಬ್ 1903ರಲ್ಲಿ ಲ್ಯಾಬ್ರಡಾರನ್ನು ಬೇರೆ ಜಾತಿ ಅಂತ ದಾಖಲೆ ಮಾಡಿತು. ಮೂಲದ ಸೇಂಟ್ ಜಾನ್ಸ್ ನಾಯಿ ಮಾತ್ರ 1980ರ ದಶಕದ ಹೊತ್ತಿಗೆ ಪೂರ್ತಿ ಕಣ್ಮರೆಯಾಯಿತು.

ನಮ್ಮಲ್ಲಿ ಬೇಟೆ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಆದರೆ ಗುಂಡನ ರಕ್ತಕ್ಕೆ ಕಾಯ್ದೆ ಗೊತ್ತಿಲ್ಲ. ಅಡಿಕೆ ಹಾಳೆ, ಕೊಕ್ಕೆಯಿಂದ ಜಾರಿದ ಅಡಿಕೆ ಗೊನೆ, ಕೆಲಸದವರ ಚಪ್ಪಲಿ, ಏನು ಸಿಕ್ಕರೂ ಬಾಯಲ್ಲಿ ಹಿಡಿದು ತಂದು ಕಾಲ ಬುಡದಲ್ಲಿ ಇಡುತ್ತಾನೆ. ಒಮ್ಮೆ ಹಿನ್ನೀರಿನಲ್ಲಿ ಮೀನಿನವರು ಬಿಟ್ಟ ಬಲೆಯ ಬೆಂಡು ಕಚ್ಚಿಕೊಂಡು ಬಂದ. ಬೆಂಡಿನ ಹಿಂದೆ ಬಲೆ, ಬಲೆಯ ಹಿಂದೆ ದೋಣಿಯಲ್ಲಿ ಬಲೆಯವರು.

"ಓ ಅಮ್ಮಾ, ನಿಮ್ ನಾಯಿ ನಮ್ ಬಲೆ ಎಳ್ಕಂಡ್ ಹೋತೈತಲ್ರೀ!"

ಬಯ್ಯುವುದಾ ನಗುವುದಾ ಅಂತ ಅವರಿಗೇ ಗೊತ್ತಾಗಲಿಲ್ಲ. ನ್ಯೂಫೌಂಡ್‌ಲ್ಯಾಂಡಿನಲ್ಲಾಗಿದ್ದರೆ ಸಂಬಳ ಕೊಡುತ್ತಿದ್ದರು ಅಂತ ನಾನು ಸಮಾಧಾನ ಮಾಡಿಕೊಂಡೆ. ಹರಿದ ಬಲೆಗೆ ದುಡ್ಡು ನಾನೇ ಕೊಟ್ಟೆ ಅನ್ನುವುದು ಬೇರೆ ಮಾತು.

ಇಂಥ ನಾಯಿಗೆ ಲೈಫ್ ಜಾಕೆಟ್ ಯಾಕೆ? ಸೊಂಟ.

ದೊಡ್ಡ ಜಾತಿಯ ನಾಯಿಗಳಿಗೆ, ಅದರಲ್ಲೂ ಲ್ಯಾಬ್ರಡಾರಿಗೆ, ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ಸಾಮಾನ್ಯ. ಹಿಪ್ ಡಿಸ್ಪ್ಲೇಸಿಯಾ ಅನ್ನುತ್ತಾರೆ. ಮರಿಯಾಗಿದ್ದಾಗ ಎಷ್ಟೋ ಸಲ ಗೊತ್ತಾಗುವುದಿಲ್ಲ, ವಯಸ್ಸಾದ ಮೇಲೆ ಕೀಲು ಸವೆದು ನೋವು ಶುರುವಾಗುತ್ತದೆ. ಗುಂಡ ಜಗುಲಿ ಮೆಟ್ಟಿಲು ಹತ್ತುವಾಗ ಮೊಲದ ಥರ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಹಾಕುತ್ತಿದ್ದ. ಎಕ್ಸ್‌ರೇ ಆಯಿತು, ಮಾತ್ರೆ ಆಯಿತು. ತೂಕ ಇಳಿಸಿ, ಓಡಿಸಬೇಡಿ, ಈಜಾಡಿಸಿ ಅಂದರು ಡಾಕ್ಟ್ರು. ನೀರಿನಲ್ಲಿ ಕೀಲಿನ ಮೇಲೆ ಭಾರ ಬೀಳುವುದಿಲ್ಲ, ಮಾಂಸಖಂಡಕ್ಕೆ ಮಾತ್ರ ಕೆಲಸ ಸಿಗುತ್ತದೆ.

ಸರಿ, ಈಜಿಗೆ ಬಿಟ್ಟೆವು. ಅವನಿಗೆ ಹೇಳಬೇಕಾ! ಆದರೆ ದಡದಲ್ಲಿ ನಿಂತು ನೋಡಿದರೆ ಮೊದಲಿನ ಈಜು ಅಲ್ಲ. ಪ್ರಾಯದಲ್ಲಿ ಬೆನ್ನು ನೀರಿನ ಮಟ್ಟಕ್ಕೆ ನೇರ ಇರುತ್ತಿತ್ತು. ಈಗ ಹಿಂಭಾಗ ಕೆಳಗೆ ಇಳಿಯುತ್ತದೆ, ಮುಂಗಾಲು ಮೇಲೆ ಎದ್ದು ನೀರನ್ನು ಪಟಪಟ ಬಡಿಯುತ್ತವೆ. ಹಾಗೆ ಈಜುವ ನಾಯಿ ಬೇಗ ಸುಸ್ತಾಗುತ್ತದೆ. ಸುಸ್ತಾಯಿತು ಅಂತ ತಿರುಗಿ ಬರುವ ಬುದ್ಧಿ ಲ್ಯಾಬ್ರಡಾರಿಗೆ ಇಲ್ಲ. ಎಸೆದ ವಸ್ತು ಕೈಗೆ ತಂದು ಕೊಡುವವರೆಗೆ ಅವನಿಗೆ ಬೇರೆ ಯೋಚನೆಯೇ ಬರುವುದಿಲ್ಲ. ಮೈ ಮುದಿಯಾಗಿದೆ, ಆಸೆಗೆ ಇನ್ನೂ ಎರಡೇ ವರ್ಷ. ಈ ಜಾತಿಯ ಅಪಾಯ ಇರುವುದು ಅಲ್ಲಿ, ಈಜಿನಲ್ಲಿ ಅಲ್ಲ.

ಇನ್ನೊಂದು ಕಾರಣ ಡಾಕ್ಟ್ರೇ ಹೇಳಿದ್ದು. ಕೆಲವು ಲ್ಯಾಬ್ರಡಾರ್‌ಗಳಿಗೆ ಹುಟ್ಟಿನಿಂದಲೇ ಒಂದು ದೋಷ ಇರುತ್ತದಂತೆ. ಜೋರಾಗಿ ಆಡಿದ ಮೇಲೆ ಹಿಂಗಾಲಿನ ಬಲ ಇದ್ದಕ್ಕಿದ್ದಂತೆ ಹೋಗಿ ಕುಸಿಯುತ್ತವೆ. ನೆಲದ ಮೇಲಾದರೆ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತವೆ, ನೀರಿನ ಮಧ್ಯೆ ಆದರೆ ಕಥೆ ಮುಗಿಯಿತು. ಇದಕ್ಕೆ ಕಾರಣವಾದ ಜೀನನ್ನು 2008ರಲ್ಲಿ ಪತ್ತೆ ಮಾಡಿದ್ದಾರೆ. ಗುಂಡನಿಗೆ ಅದಿಲ್ಲ. ನಿಮ್ಮದು ಪ್ರಾಯದ ನಾಯಿ, ಆಡುತ್ತಾ ಆಡುತ್ತಾ ಕುಸಿದದ್ದು ನೋಡಿದ್ದೀರಿ ಅಂದರೆ ಜಾಕೆಟ್ ಅಲ್ಲ, ಮೊದಲು ಡಾಕ್ಟರ ಹತ್ತಿರ ಹೋಗಿ.

ಈಗ ಜಾಕೆಟ್ಟಿಗೆ ಬರೋಣ.

ಸೈಜು. ಎಲ್ಲ ಮಾರಾಟಗಾರರೂ ತೂಕದ ಪಟ್ಟಿ ಹಾಕಿರುತ್ತಾರೆ. ಅದನ್ನು ನೋಡಲೇಬೇಡಿ. ಇವರ ಪಟ್ಟಿ ಪ್ರಕಾರ 36 ಕೆಜಿಗೆ ಎಲ್ ಸಾಕು. ನಾನು ಹೊಲಿಗೆ ಟೇಪ್ ಹಿಡಿದು ಮುಂಗಾಲಿನ ಹಿಂದೆ, ಎದೆ ಎಲ್ಲಕ್ಕಿಂತ ದಪ್ಪ ಇರುವ ಕಡೆ ಸುತ್ತಳತೆ ತೆಗೆದೆ, 84 ಸೆಂಟಿಮೀಟರ್ ಬಂತು. ಎಲ್ ಸೈಜಿನ ಪಟ್ಟಿ ಕೊನೆ ತನಕ ಬಿಟ್ಟರೂ 80. ಲ್ಯಾಬ್ರಡಾರಿನ ಎದೆ ಪೀಪಾಯಿ ಹಾಗೆ ದುಂಡಗೆ, ಅದೇ ತೂಕದ ಬೇರೆ ನಾಯಿಗೆ ಹೀಗಿರುವುದಿಲ್ಲ. ಕತ್ತಿನ ಅಳತೆಯನ್ನೂ ತೆಗೆದುಕೊಳ್ಳಿ. ಹಾಕಿದ ಮೇಲೆ ಪಟ್ಟಿಯ ಅಡಿ ಎರಡು ಬೆರಳು ಹೋಗಬೇಕು, ಮೂರು ಹೋಗಬಾರದು. ಒದ್ದೆಯಾದ ಮೇಲೆ ಪಟ್ಟಿ ಸ್ವಲ್ಪ ಸಡಿಲ ಆಗುತ್ತದೆ, ನೀರಿಗೆ ಇಳಿದ ಐದು ನಿಮಿಷಕ್ಕೆ ಕರೆದು ಇನ್ನೊಮ್ಮೆ ಎಳೆದು ಬಿಗಿ ಮಾಡಿ.

ಫೋಮು ಎರಡೂ ಪಕ್ಕೆಗೆ ಇದೆ, ಗಲ್ಲದ ಕೆಳಗೆ ಒಂದು ತುಂಡು ಇದೆ. ಗಲ್ಲದ ತುಂಡು ಇಲ್ಲದ ಜಾಕೆಟ್ ಕಮ್ಮಿ ರೇಟಿಗೆ ಸಿಗುತ್ತದೆ, ತೆಗೆದುಕೊಳ್ಳಬೇಡಿ. ನಾಯಿ ಸುಸ್ತಾದಾಗ ಮೊದಲು ಇಳಿಯುವುದು ತಲೆ. ಪಕ್ಕೆಯ ಫೋಮು ಮಾತ್ರ ಸೊಂಟದವರೆಗೆ ಬಂದಿಲ್ಲ, ಪಕ್ಕೆಲುಬು ಮುಗಿಯುವಲ್ಲಿಗೇ ನಿಂತಿದೆ. ನಮಗೆ ಬೇಕಾಗಿದ್ದದ್ದು ಹಿಂಭಾಗಕ್ಕೆ ಆಸರೆ ಅಲ್ವಾ! ಹಾಗಿದ್ದರೂ ಫರಕು ಕಂಡಿತು. ಪೂರ್ತಿ ನೇರ ಅಲ್ಲದಿದ್ದರೂ ಬೆನ್ನಿನ ಮುಕ್ಕಾಲು ಭಾಗ ನೀರಿನ ಮೇಲೆ ನಿಂತಿತು, ಮುಂಗಾಲಿನ ಬಡಿತ ನಿಂತಿತು, ಮೊದಲಿನ ಹಾಗೆ ಸದ್ದಿಲ್ಲದೆ ಈಜಿದ. ಸದ್ದಿಲ್ಲದೆ ಈಜುತ್ತಿದ್ದರೆ ನಾಯಿ ಆರಾಮಾಗಿದೆ ಅಂತ ಅರ್ಥ. ನೀರು ಬಡಿಯುವ ಸದ್ದು ಕೇಳಿದರೆ ಕರೆದುಬಿಡಿ.

ಇನ್ನು ಹಿಡಿಕೆ. ಬೆನ್ನ ಮಧ್ಯೆ ದಪ್ಪ ನೈಲಾನ್ ಪಟ್ಟಿ, ಕೈ ತೂರಿಸುವಷ್ಟು ಎತ್ತರ, ಹೊಟ್ಟೆಯ ಅಡಿಯಿಂದ ಸುತ್ತಿ ಬರುವ ಪಟ್ಟಿಗೇ ಹೊಲಿದಿದ್ದಾರೆ. ಇದನ್ನು ಚೆನ್ನಾಗಿ ನೋಡಿಕೊಳ್ಳಿ. ಕೆಲವದರಲ್ಲಿ ಹಿಡಿಕೆಯನ್ನು ಸುಮ್ನೆ ಮೇಲಿನ ಬಟ್ಟೆಗೆ ಹೊಲಿದಿರುತ್ತಾರೆ. ಭಾರ ಬಿದ್ದ ದಿನ ಕಿತ್ತು ಕೈಗೆ ಬರುತ್ತದೆ. ನಾನು ಅಂಗಳದಲ್ಲೇ ಒಂದು ಕ್ಷಣ ಗುಂಡನ ಮುಂಗಾಲು ಮೇಲೆ ಏಳುವಷ್ಟು ಎತ್ತಿ ನೋಡಿದೆ. ಹೊಲಿಗೆ ಜಪ್ಪಯ್ಯ ಅನ್ನಲಿಲ್ಲ. ಗುಂಡ ಮಾತ್ರ ಹೊಸ ಆಟ ಅಂದುಕೊಂಡು ಬಾಲ ಅಲ್ಲಾಡಿಸಿದ.

ನಮ್ಮವರು ಹಿನ್ನೀರಿನಲ್ಲಿ ದೋಣಿ ತೆಗೆದುಕೊಂಡು ಹೋಗುವುದುಂಟು, ಗುಂಡನಿಗೆ ದೋಣಿಯ ಮೂತಿಯಲ್ಲೇ ಸೀಟು. ದೋಣಿಯಿಂದ ಹಾರುವುದು ಸುಲಭ. ವಾಪಸ್ ಹತ್ತುವುದು ಯಾವ ನಾಯಿಗೂ ಆಗದು. ಮೊದಲೆಲ್ಲ ಅಂಚಿಗೆ ಕಾಲು ಹಾಕಿ ಒದ್ದಾಡುತ್ತಿದ್ದ, ದೋಣಿ ಆ ಕಡೆ ವಾಲುತ್ತಿತ್ತು, ಒಳಗಿದ್ದವರು ಈ ಕಡೆ ವಾಲುತ್ತಿದ್ದರು. ಬೆಲ್ಟ್ ಹಿಡಿದು ಎತ್ತಿದರೆ ಕತ್ತು ಬಿಗಿಯುತ್ತದೆ, ಚರ್ಮ ಹಿಡಿದರೆ ಜಾರುತ್ತದೆ, ಆ ಎಣ್ಣೆ ಕೂದಲು ನೋಡಿ. ಈಗ ಒಬ್ಬರು ಹಿಡಿಕೆ ಹಿಡಿದು, ಇನ್ನೊಬ್ಬರು ತೊಡೆಯ ಅಡಿ ಕೈ ಕೊಟ್ಟರೆ ಒಂದೇ ಎತ್ತಿಗೆ ಒಳಗೆ. ಭಾವನೂ ಇದನ್ನು ನೋಡಿದ ಮೇಲೆ "ಹಿಡಿಕೆ ಅಡ್ಡಿಲ್ಲೆ" ಅಂದರು. ಅವರ ಬಾಯಲ್ಲಿ ಅಷ್ಟು ಬಂದರೆ ದೊಡ್ಡ ಸರ್ಟಿಫಿಕೇಟು.

ಬಣ್ಣದ ಬಗ್ಗೆ ಒಂದು ಮಾತು. ಕಂದು ನಾಯಿ, ಮಳೆಗಾಲದ ಕೆಂಪು ನೀರು, ಹೊರಗೆ ಕಾಣುವುದು ಬರೀ ತಲೆ. ಐವತ್ತು ಮಾರು ದೂರ ಹೋದರೆ ಅದು ನಾಯಿಯಾ, ತೇಲುವ ಕುಂಟೆಯಾ ಗೊತ್ತಾಗುವುದಿಲ್ಲ. ಕಿತ್ತಳೆ ಬಣ್ಣ ಎಷ್ಟೇ ದೂರದಿಂದಲೂ ಕಾಣುತ್ತದೆ. ಪೇಟೆಯ ಫೋಟೋಗೆ ಅಂತ ನೀಲಿ, ಹಸಿರು, ಮಿಲಿಟರಿ ಚಿತ್ತಾರದ್ದೆಲ್ಲ ಸಿಗುತ್ತದೆ. ನೀರಿನಲ್ಲಿ ಕಾಣದ ಹಾಗೆ ಬಣ್ಣ ಹಾಕಿದ ಲೈಫ್ ಜಾಕೆಟ್ ಯಾರ ತಲೆಗೆ ಹೊಳೆಯಿತೋ.

ಇನ್ನು ಕಳೆದ ಒಂದೂವರೆ ಸ್ಟಾರಿನ ಲೆಕ್ಕ.

ಮೊದಲನೆಯದು, ಸಿಕ್ಕಿಬೀಳುವ ಭಯ. ನಮ್ಮ ಹಿನ್ನೀರು ನಿಂತಿರುವುದು ಲಿಂಗನಮಕ್ಕಿ ಅಣೆಕಟ್ಟಿನಿಂದ, ಅದು 1964ರದ್ದು. ಮುಳುಗಿದ ಕಾಡಿನ ಮರಗಳು ಎಷ್ಟೋ ಕಡೆ ಇನ್ನೂ ನೀರಿನೊಳಗೆ ಹಾಗೇ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಬೋಳು ಕೊಂಬೆಗಳು ಹೊರಗೆ ಕಾಣುತ್ತವೆ. ಇನ್ನೂ ಇಳಿದರೆ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ಎದ್ದು ಬರುತ್ತದೆ, ಅದನ್ನು ನೋಡಲು ಜನ ಹೋಗುತ್ತಾರೆ. ನೀರು ತುಂಬಿದಾಗ ಈ ಕೊಂಬೆಗಳು ಮೇಲ್ಮೈಯಿಂದ ಒಂದಡಿ ಕೆಳಗೆ ಇರುತ್ತವೆ. ಈ ಜಾಕೆಟ್ಟಿನ ಹೊಟ್ಟೆ ಪಟ್ಟಿಗಳ ಉಳಿದ ತುದಿ ಒಂದು ಗೇಣು ಜೋತಾಡುತ್ತದೆ. ಕೊಂಬೆಗೆ ಸುತ್ತಿದರೆ ತೇಲಿಸಬೇಕಾದ ಜಾಕೆಟ್ಟೇ ನಾಯಿಯನ್ನು ಕಟ್ಟಿಹಾಕುತ್ತದೆ. ನಾನು ತುದಿಗಳನ್ನು ಮಡಚಿ ಹೊಲಿದೆ. ಕತ್ತಿನ ಬೆಲ್ಟನ್ನು ನೀರಿಗೆ ಬಿಡುವಾಗ ತೆಗೆದುಬಿಡುತ್ತೇನೆ. ಮೀನಿನ ಬಲೆ ಇರುವ ಕಡೆ ಜಾಕೆಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಬಿಡುವುದೇ ಇಲ್ಲ.

ಎರಡನೆಯದು, ಉಜ್ಜುವುದು. ಮುಂಗಾಲಿನ ಸಂದಿನಲ್ಲಿ ಪಟ್ಟಿಯ ಅಂಚು ಒರಟು. ತುಂಬಾ ಹೊತ್ತು ಈಜಿದರೆ ಕೂದಲು ಉದುರಿ ಕೆಂಪಾಗುತ್ತದೆ. ಹಳೆ ಪಂಚೆಯ ತುಂಡು ಸುತ್ತಿ ಹೊಲಿದ ಮೇಲೆ ಸರಿಹೋಯಿತು. 1,650 ರೂಪಾಯಿ ತೆಗೆದುಕೊಂಡವರು ಅಷ್ಟು ಬಟ್ಟೆ ಹಾಕಬಹುದಿತ್ತು.

ಮೂರನೆಯದು ನಮ್ಮ ಮಳೆಗಾಲದ ಸಮಸ್ಯೆ, ಪೂರ್ತಿ ಕಂಪನಿಯದ್ದಲ್ಲ. ಆಷಾಢದಲ್ಲಿ ಈ ಫೋಮು ಒಣಗುವುದೇ ಇಲ್ಲ. ಬಚ್ಚಲ ಒಲೆ ಹತ್ತಿರ ಇಡುವ ಹಾಗಿಲ್ಲ, ನೈಲಾನ್ ಮುದುಡುತ್ತದೆ. ಮಾಡಿನ ಅಡಿ ನೇತು ಹಾಕಿದರೆ ಬೂಸಲು ಬಂದು ನಾಯಿಗಿಂತ ಜಾಸ್ತಿ ನಾತ. ಹಾಗಾಗಿ ಮಳೆ ಜೋರಾಗುವ ಹೊತ್ತಿಗೆ ತೊಳೆದು, ಒಣಗಿಸಿ ಅಟ್ಟಕ್ಕೆ. ಆಗ ಹಿನ್ನೀರಿಗೆ ಹೊಸ ನೀರು ಬರುವ ಸೆಳೆತವೂ ಇರುತ್ತದೆ, ನಾಯಿಯನ್ನು ಬಿಡುವ ಕಾಲವೂ ಅಲ್ಲ. ಬೇಸಿಗೆಯಲ್ಲಿ ಇದರ ಉಲ್ಟಾ. ನೀರಿಂದ ಹೊರಗೆ ಬಂದ ತಕ್ಷಣ ಜಾಕೆಟ್ ಬಿಚ್ಚಬೇಕು, ಇಲ್ಲದಿದ್ದರೆ ಒಳಗೆ ಬೇಯುತ್ತದೆ. ಲ್ಯಾಬ್ರಡಾರಿಗೆ ಮೊದಲೇ ಸೆಕೆ ತಡೆಯದು.

ಒಂದು ವಿಷಯ ಮಾತ್ರ ಈ ಜಾಕೆಟ್ ಮಾರುವವರು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಿಮ್ಮ ಜಮೀನಿನಲ್ಲಿ ಪ್ಲಾಸ್ಟಿಕ್ ಹೊದೆಸಿದ ಕೃಷಿ ಹೊಂಡ ಇದೆಯಾ? ಇದ್ದರೆ ಜಾಕೆಟ್ ತರಿಸುವುದನ್ನು ಸದ್ಯಕ್ಕೆ ಬಿಡಿ, ಮೊದಲು ಹೊಂಡಕ್ಕೆ ಏಣಿ ಇಳಿಸಿ. ಬಯಲುಸೀಮೆಯಲ್ಲಿ 2014ರ ಕೃಷಿ ಭಾಗ್ಯ ಯೋಜನೆಯಿಂದ ಇಂಥ ಹೊಂಡಗಳು ಊರೂರಿಗೆ ಬಂದವು, ಈಗ ಮಲೆನಾಡಿನಲ್ಲೂ ತೋಟಕ್ಕೆ ಮಾಡಿಸುತ್ತಿದ್ದಾರೆ. ನೀರು ಕಂಡ ಲ್ಯಾಬ್ರಡಾರ್ ಇಳಿಯದೆ ಇರುವುದಿಲ್ಲ. ಇಳಿಯುತ್ತದೆ, ಚೆನ್ನಾಗಿ ಈಜುತ್ತದೆ, ಆಮೇಲೆ ಹತ್ತಲು ನೋಡುತ್ತದೆ. ಪಾಚಿ ಹಿಡಿದ ಪ್ಲಾಸ್ಟಿಕ್ ಇಳಿಜಾರು, ಉಗುರು ಎಲ್ಲೂ ಕಚ್ಚುವುದಿಲ್ಲ. ಅಲ್ಲಿ ಎಂಥ ಈಜುಗಾರ ನಾಯಿಯಾದರೂ ಕೊನೆಗೆ ಸೋಲುತ್ತದೆ. ಮನುಷ್ಯರೇ ಹತ್ತಲಾಗದೆ ಸತ್ತ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ನಾಯಿ ದಿನವಿಡೀ ಜಾಕೆಟ್ ಹಾಕಿಕೊಂಡು ತಿರುಗುವುದಿಲ್ಲ, ಹೊಂಡಕ್ಕೆ ಬೀಳುವುದು ನಾವು ನೋಡದೆ ಇದ್ದಾಗಲೇ.

ನಮ್ಮ ಹೊಂಡದ ಎರಡು ಮೂಲೆಗೆ ಅಡಿಕೆ ದಬ್ಬೆಗೆ ಅಡ್ಡಪಟ್ಟಿ ಬಡಿದು, ಮೇಲೆ ಗೂಟಕ್ಕೆ ಕಟ್ಟಿ, ನೀರಿನೊಳಗೆ ಮೂರಡಿ ಇಳಿಯುವ ಹಾಗೆ ಬಿಟ್ಟಿದ್ದೇವೆ. ದಬ್ಬೆಯ ಅಂಚು ಪ್ಲಾಸ್ಟಿಕ್ ಹರಿಯದ ಹಾಗೆ ಅಡಿಗೆ ಹಳೆ ಗೋಣಿ. ಬೆಲ್ಟು, ಹಗ್ಗ ಹಾಕಿ ಗುಂಡನನ್ನು ನೀರಿಗೆ ಇಳಿಸಿ, ಏಣಿ ಎಲ್ಲಿದೆ ಅಂತ ಮತ್ತೆ ಮತ್ತೆ ತೋರಿಸಿದೆವು. ಹತ್ತಿದಾಗಲೆಲ್ಲ ಬೆಲ್ಲದ ಚೂರು. ಈಗ ಅವನೇ ಹುಡುಕಿಕೊಂಡು ಹೋಗುತ್ತಾನೆ. ಖರ್ಚು ಮೊಳೆಯದ್ದು ಮಾತ್ರ. ಸುತ್ತ ಬೇಲಿಯೂ ಬೇಕು, ಅದನ್ನು ನಾಯಿಗಿಂತ ಮೊದಲು ಮಕ್ಕಳಿಗಾಗಿ ಹಾಕಬೇಕು.

ಏನನ್ನು ಎಸೆದು ಈಜಾಡಿಸಬೇಕು ಅಂತಲೂ ಕೇಳುತ್ತಾರೆ. ಪೇಟೆಯ ತೇಲುವ ಆಟಿಕೆಗೆ ನಾನೂರು, ಐನೂರು ಹೇಳುತ್ತಾರೆ. ಗುಂಡನಿಗೆ ಅಡಿಕೆ ಹಾಳೆಯ ದಪ್ಪ ತಲೆಯ ಭಾಗ ಕತ್ತರಿಸಿ ಕೊಟ್ಟರೆ ಸಾಕು. ಚೆನ್ನಾಗಿ ತೇಲುತ್ತದೆ, ಹಾಳಾದರೆ ಗೊಬ್ಬರದ ಗುಂಡಿಗೆ. ಇದು ಬರೀ ದುಡ್ಡು ಉಳಿಸುವ ಮಾತಲ್ಲ. ದೊಡ್ಡ ಚೆಂಡು ಕಚ್ಚಿ ಈಜುವ ನಾಯಿಯ ಬಾಯಿ ತೆರೆದೇ ಇರುತ್ತದೆ, ಪ್ರತಿ ಸಲ ನೀರು ಒಳಗೆ ಹೋಗುತ್ತದೆ. ಜಾಸ್ತಿ ನೀರು ಕುಡಿದರೆ ರಕ್ತದ ಉಪ್ಪಿನಂಶ ಇಳಿದು ವಾಂತಿ, ತೂರಾಟ, ಹೊಟ್ಟೆ ಉಬ್ಬರ ಶುರುವಾಗುತ್ತದೆ. ಹಾಗೆ ಕಂಡರೆ ಕಾಯದೆ ಆಸ್ಪತ್ರೆಗೆ ಓಡಬೇಕು, ಪ್ರಾಣಕ್ಕೇ ಕುತ್ತು. ಚಪ್ಪಟೆ ವಸ್ತುವಾದರೆ ಬಾಯಿ ಮುಚ್ಚಿಕೊಂಡು ಹಿಡಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ದಡಕ್ಕೆ ಕರೆದು ಕೂರಿಸಿ.

ಜಾಕೆಟ್ ಜೊತೆಗೆ ಖರ್ಚು ಮಾಡಲೇಬೇಕಾದ ಇನ್ನೆರಡು ಇವೆ. ಒಂದು, ಕಿವಿ ತೊಳೆಯುವ ಔಷಧ. ಲ್ಯಾಬ್ರಡಾರಿನ ಜೋತುಬಿದ್ದ ಕಿವಿಯೊಳಗೆ ಗಾಳಿ ಆಡುವುದಿಲ್ಲ, ನೀರು ನಿಂತರೆ ಸೋಂಕು. ಬ್ರಿಟನ್ನಿನ ಸಾವಿರಾರು ಲ್ಯಾಬ್ರಡಾರ್‌ಗಳ ಆಸ್ಪತ್ರೆ ದಾಖಲೆ ನೋಡಿ 2018ರಲ್ಲಿ ಒಂದು ಅಧ್ಯಯನ ಬಂದಿತ್ತು. ಕಿವಿ ಸೋಂಕು, ಚರ್ಮದ ಕಾಯಿಲೆ ಎರಡೂ ಕಪ್ಪು, ಹಳದಿಗಿಂತ ಚಾಕೊಲೇಟ್ ಬಣ್ಣದವಕ್ಕೆ ಜಾಸ್ತಿ, ಆಯಸ್ಸೂ ಸುಮಾರು ಒಂದೂವರೆ ವರ್ಷ ಕಮ್ಮಿ ಅಂತ ಅದರಲ್ಲಿತ್ತು. ಓದಿದ ದಿನ ಗುಂಡನಿಗೆ ಬೈಗುಳ ಒಂದೂ ಬೀಳಲಿಲ್ಲ. ಪ್ರತಿ ಈಜಿನ ನಂತರ ಕಿವಿಯ ಹಾಳೆ ಮೇಲೆತ್ತಿ ಹತ್ತಿ ಬಟ್ಟೆಯಲ್ಲಿ ಒರೆಸುತ್ತೇನೆ, ಬೆರಳು ಹೋಗುವಷ್ಟೇ. ಆಮೇಲೆ ಡಾಕ್ಟ್ರು ಕೊಟ್ಟ ಔಷಧ ಬಿಟ್ಟು ಬುಡವನ್ನು ಮೆಲ್ಲಗೆ ತಿಕ್ಕಿದರೆ ಪಿಚಪಿಚ ಸದ್ದು ಬರುತ್ತದೆ. ಬಿಟ್ಟರೆ ಅವನೇ ತಲೆ ಕೊಡವಿ ನನ್ನ ಸೀರೆಗೆಲ್ಲ ಹಾರಿಸುತ್ತಾನೆ. ಕಿವಿಗೆ ಕಡ್ಡಿ ಹಾಕಬಾರದು, ಕೊಬ್ಬರಿ ಎಣ್ಣೆ ಹೊಯ್ಯಬಾರದು. ನಮ್ಮ ಕಡೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ, ಅದಕ್ಕೇ ಹೇಳಿದೆ.

ಎರಡು, ಉಣುಗಿನ ಔಷಧ. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ ಮೊದಲು ಕಂಡಿದ್ದೇ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ, 1957ರಲ್ಲಿ. ಹಾಗಾಗಿ ಉಣುಗು ಅಂದರೆ ನಮಗೆ ಬರೀ ನಾಯಿಯ ತೊಂದರೆ ಅಲ್ಲ. ಕತ್ತಿನ ಮೇಲೆ ಬಿಡುವ ಹನಿ ಔಷಧ ಪದೇ ಪದೇ ಈಜುವ ನಾಯಿಗೆ ಬೇಗ ತೊಳೆದು ಹೋಗುತ್ತದೆ. ಡಾಕ್ಟರ ಹತ್ತಿರ ಮಾತಾಡಿ ಬಾಯಿಗೆ ಕೊಡುವ ಮಾತ್ರೆ ಹಾಕಿಸಿ. ದುಬಾರಿ ಹೌದು, ಆದರೆ ನೀರಿಗೆ ಹೋಗುವುದಿಲ್ಲ. ಜೊತೆಗೆ ಇಲಿ ಜ್ವರದ ಲಸಿಕೆ ವರ್ಷ ವರ್ಷ ತಪ್ಪಿಸಬಾರದು, ಗದ್ದೆ ನೀರು ಕುಡಿಯುವ ನಾಯಿಗಂತೂ ಕಡ್ಡಾಯ. ಮಳೆಗಾಲದ ಇಂಬಳ ಬೆರಳ ಸಂದಿಗೆ ಹತ್ತಿದರೆ ಉಪ್ಪು ಸಾಕು, ಮೂಗಿನೊಳಗೆ ಹೋಗಿ ರಕ್ತ ಬರುತ್ತಿದ್ದರೆ ಮನೆಮದ್ದು ಬೇಡ.

ಇನ್ನು ಬಾಲ. ತಣ್ಣೀರಿನಲ್ಲಿ ತುಂಬಾ ಈಜಿದ ಮರುದಿನ ಲ್ಯಾಬ್ರಡಾರಿನ ಬಾಲ ಬುಡದಿಂದ ಎರಡಿಂಚು ಅಡ್ಡ ಬಂದು ಆಮೇಲೆ ಜೋತುಬಿದ್ದರೆ ಗಾಬರಿಯಾಗಬೇಡಿ. ಬಾಲದ ಬುಡದ ಸ್ನಾಯುವಿಗೆ ಆದ ನೋವು ಅದು. ಗುಂಡನಿಗೂ ಒಂದು ಚಳಿಗಾಲದಲ್ಲಿ ಆಗಿತ್ತು. ಮುರಿದಿದೆ ಅಂತಲೇ ಮನೆಯವರೆಲ್ಲ ತೀರ್ಮಾನಿಸಿದ್ದರು. ಡಾಕ್ಟ್ರು ಮುಟ್ಟಿ ನೋಡಿ ನೋವಿನ ಮಾತ್ರೆ ಕೊಟ್ಟರು, ಕೆಲವೇ ದಿನದಲ್ಲಿ ಸರಿಯಾಯಿತು.

ಊಟದ ವಿಷಯಕ್ಕೆ ಬಂದರೆ, ಲ್ಯಾಬ್ರಡಾರ್ ಎಷ್ಟು ತಿಂದರೂ ಹಸಿದ ಮುಖ ಮಾಡುವುದು ನಾಟಕ ಅಲ್ಲವಂತೆ. ಕೇಂಬ್ರಿಜ್‌ನವರು 2016ರಲ್ಲಿ ಕಂಡುಕೊಂಡ ಪ್ರಕಾರ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನಲ್ಲಿ ಹೊಟ್ಟೆ ತುಂಬಿತು ಅಂತ ಹೇಳುವ ಜೀನಿನ ಒಂದು ತುಂಡೇ ಇಲ್ಲ. ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ಅತ್ತೆ "ಪಾಪ" ಅಂತ ಇನ್ನೊಂದು ದೋಸೆ ಹಾಕಿದರು. 36 ಕೆಜಿ ಬಂದದ್ದು ಹೀಗೆ. ತೂಕ ನಾಲ್ಕು ಕೆಜಿ ಇಳಿದರೆ ಸೊಂಟಕ್ಕೆ ಆಗುವ ಉಪಕಾರ ಯಾವ ಜಾಕೆಟ್ಟಿನಿಂದಲೂ ಆಗದು.

ಯಾರು ತೆಗೆದುಕೊಳ್ಳಬೇಕು? ಮುದಿ ನಾಯಿ, ಸೊಂಟ ನೋವಿನ ನಾಯಿ, ದೋಣಿ ಹತ್ತುವ ನಾಯಿ, ಮೊದಲ ಸಲ ನೀರಿಗೆ ಇಳಿಯುವ ಮರಿ ಇದ್ದವರು ತೆಗೆದುಕೊಳ್ಳಿ. ಮರಿಗೆ ಒಂದು ವರ್ಷದಲ್ಲಿ ಸೈಜು ಬದಲಾಗುತ್ತದೆ, ಯಾರದಾದರೂ ಹಳೆಯದು ಸಿಕ್ಕರೆ ಕೇಳಿ ಪಡೆಯಿರಿ. ಕಾಲು ಮುಟ್ಟುವ ಹಳ್ಳದಲ್ಲಿ ಆಡುವ, ಮೂರು ವರ್ಷದ ಗಟ್ಟಿಮುಟ್ಟು ಲ್ಯಾಬ್ರಡಾರಿಗೆ ಬೇಡ.

ಪಕ್ಕದ ಮನೆಯವರು ತಮ್ಮ ಮುಧೋಳ ನಾಯಿಗೆ ಇದೇ ಜಾಕೆಟ್ ಆಗುತ್ತದಾ ಅಂತ ಒಮ್ಮೆ ಹಾಕಿ ನೋಡಿದರು. ಮುಧೋಳಕ್ಕೆ ಮೈಯಲ್ಲಿ ಕೊಬ್ಬಿಲ್ಲ, ಒಳತುಪ್ಪಳ ಇಲ್ಲ, ಹಾಗಾಗಿ ಲ್ಯಾಬ್ರಡಾರಿಗಿಂತ ಅದಕ್ಕೇ ಜಾಸ್ತಿ ಬೇಕು. ಆದರೆ ಎದೆ ಆಳ, ಸೊಂಟ ಹಿಡಿಯಷ್ಟು. ಎಷ್ಟು ಬಿಗಿ ಮಾಡಿದರೂ ಜಾಕೆಟ್ ಹಿಂದಕ್ಕೆ ಜಾರಿ ಹೊಟ್ಟೆಗೆ ಬಂತು. ಅವರಿಗೆ ಎದೆಯ ಮುಂದೆಯೂ ಪಟ್ಟಿ ಇರುವ ಬೇರೆ ಮಾದರಿಯೇ ಬೇಕು. ಇದನ್ನು ತರಿಸಿ ದುಡ್ಡು ಕಳೆಯಬೇಡಿ.